ಹೊದಿಕೆಯೊಳಗೇ ಮಳೆ!

ಕಳೆದ ಅಕ್ಟೋಬರ್‌ನ ಒಂದು ಬೆಳಿಗ್ಗೆ. ಒಂಬತ್ತೂವರೆಗೆ ಲ್ಯಾಬ್ ಇಂಟರ್ನಲ್ಸ್. ಮರಳವಾಡಿಯಿಂದ ಕನಕಪುರ ರಸ್ತೆಯಲ್ಲಿರುವ ನಮ್ಮ ಕಾಲೇಜಿಗೆ ಬೈಕಿನಲ್ಲಿ ಮುಕ್ಕಾಲು ಗಂಟೆ ಸಾಕು. ಎಂಟು ಗಂಟೆಗೆ ನೀಲಿ ಟಾರ್ಪಾಲು ಎತ್ತಿ ಕಿಕ್ಕರ್ ಒದೆಯಲು ಶುರು ಮಾಡಿದವನು ಎಂಟೂವರೆಯಾದರೂ ಒದೆಯುತ್ತಲೇ ಇದ್ದೆ. ಗಾಡಿ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಕೊನೆಗೆ ಹಾರೋಹಳ್ಳಿಯಲ್ಲಿ ಬಸ್ ಬದಲಿಸಿ ಲ್ಯಾಬ್ ಬಾಗಿಲಿಗೆ ಹೋಗಿ ನಿಂತಾಗ ಹತ್ತೂಕಾಲು. ಉಳಿದ ಸಮಯದಲ್ಲಿ ಅರ್ಧ ಪ್ರಯೋಗವಷ್ಟೇ ಮುಗಿಯಿತು. ಅಂಕವೂ ಅರ್ಧವೇ ಬಂತು.

ಸೋಜಿಗವೆಂದರೆ ಹಿಂದಿನ ರಾತ್ರಿ ಮಳೆಯೇ ಬಂದಿರಲಿಲ್ಲ. ಆದರೂ ಟಾರ್ಪಾಲಿನ ಒಳಮೈ ತುಂಬ ನೀರಿನ ಹನಿ. ಟ್ಯಾಂಕು, ಮೀಟರು, ಸೀಟು ಎಲ್ಲವೂ ಒದ್ದೆ.

ಗಾಡಿಯನ್ನು ಒಳಗೇ ನಿಲ್ಲಿಸಬಹುದಿತ್ತಲ್ಲ ಎಂದು ಗೆಳೆಯರು ಕೇಳುತ್ತಾರೆ. ನಮ್ಮ ಮನೆಯಲ್ಲಿ ಗಾಡಿ ಹಿಡಿಯುವಷ್ಟು ದೊಡ್ಡ ಕೋಣೆ ಒಂದೇ ಇದೆ, ಅದು ರೇಷ್ಮೆ ಹುಳುವಿನದು. ಹುಳುವಿಗೆ ಹೊಗೆ, ಘಾಟು ವಾಸನೆ ಆಗದು. ಹುಳು ಇರುವಾಗ ನಾವು ಸೊಳ್ಳೆ ಬತ್ತಿಯನ್ನೂ ಹಚ್ಚುವುದಿಲ್ಲ. ಇನ್ನು ಪೆಟ್ರೋಲ್ ಗಾಡಿಯನ್ನು ಒಳಗೆ ಬಿಟ್ಟುಕೊಳ್ಳುವ ಮಾತೆಲ್ಲಿ? ಎರಡು ಬೆಳೆ ಗೂಡು ಮಾರಿದ ಹಣದಲ್ಲಿ ಅಪ್ಪ ಕೊಡಿಸಿದ ಸೆಕೆಂಡ್ ಹ್ಯಾಂಡ್ ಗಾಡಿ ಅದು. ಹಾಗಾಗಿ ಅಂಗಳದ ಹೊಂಗೆ ಮರದಡಿ ನಿಲ್ಲಿಸಿ, ಒಂದು ಹನಿಯೂ ತಾಗಬಾರದೆಂದು ಟಾರ್ಪಾಲನ್ನು ನೆಲದವರೆಗೆ ಇಳಿಬಿಟ್ಟು, ಸುತ್ತ ಹಗ್ಗ ಬಿಗಿದು, ಅಂಚಿಗೆ ಕಲ್ಲು ಹೇರುತ್ತಿದ್ದೆ. ಭಾರಿ ಜೋಪಾನ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಮೆಕ್ಯಾನಿಕ್ ಅಣ್ಣ ಪ್ಲಗ್ಗಿನ ಕ್ಯಾಪ್ ಕಿತ್ತು ಒಳಗಿನ ತೇವ ತೋರಿಸಿದರು. ಚೈನು ಕೆಂಪಾಗಿತ್ತು. ಟ್ಯಾಂಕಿನ ತಳದ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿತ್ತು. ‘ಮಳೇಲಿ ಹಂಗೇ ನಿಲ್ಲಿಸಿದ್ರೂ ಇಷ್ಟು ಕೆಡ್ತಿರಲಿಲ್ಲ ತಮ್ಮಾ. ಮುಚ್ಚಿ ಮುಚ್ಚಿ ಕೆಡಿಸಿದ್ದೀಯ’ ಎಂದರು. ಬಿಲ್ಲು 1,850 ರೂಪಾಯಿ.

ಸಂಜೆ ಸೊಪ್ಪು ಹಾಕುತ್ತಿದ್ದ ಅಮ್ಮನಿಗೆ ಇದನ್ನು ಹೇಳಿದೆ. ಅವರು ತಲೆಯೆತ್ತದೆ, ‘ಚಾಕಿ ಹುಳಕ್ಕೆ ಹೊದಿಸ್ದಂಗೆ ಗಾಡಿಗೂ ಹೊದಿಸಿದ್ರೆ ಇನ್ನೇನಾಗ್ತದೆ?’ ಎಂದರು. ಆಗಷ್ಟೇ ಮೊಟ್ಟೆಯೊಡೆದ ಚಾಕಿ ಹುಳುವಿಗೆ ತೇವ ಬೇಕು, ಸೊಪ್ಪು ಬಾಡಬಾರದು. ಅದಕ್ಕಾಗಿ ತಟ್ಟೆಯ ಮೇಲೆ ಮೇಣದ ಕಾಗದ ಹೊದಿಸುತ್ತಾರೆ. ದೊಡ್ಡ ಹುಳುವಿಗೆ ಹಾಗೆ ಮಾಡಿದರೆ ಹಾಸಿಗೆ ಒದ್ದೆಯಾಗಿ ಸುಣ್ಣಕಟ್ಟು ರೋಗ ಬರುತ್ತದೆ. ಅದಕ್ಕೆ ಗಾಳಿ ಆಡಬೇಕು. ತೇವ ಹೋಗದಿರಲಿ ಎಂದು ಮಾಡುವ ಹೊದಿಕೆಯನ್ನು, ತೇವ ಬರದಿರಲಿ ಎಂದು ನಾನು ಹೊದಿಸಿದ್ದೆ.

ಆ ರಾತ್ರಿ ಮೊದಲ ವರ್ಷದ ಕೆಮಿಸ್ಟ್ರಿ ನೋಟ್ಸ್ ತೆಗೆದೆ. ತುಕ್ಕಿನ ಅಧ್ಯಾಯ ಓದಿ ಬರೆದು ಪಾಸಾದವನು ನಾನು, ಅಂಗಳದ ಗಾಡಿಗೆ ಅದನ್ನು ಹೊಂದಿಸಿ ನೋಡಿರಲಿಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 23 ಗ್ರಾಂ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. 18 ಡಿಗ್ರಿಗೆ ಇಳಿದರೆ ಅದರ ಶಕ್ತಿ ಸುಮಾರು 15 ಗ್ರಾಂ ಮಾತ್ರ. ಮಿಕ್ಕಿದ್ದು ತಣ್ಣಗಿರುವ ಪ್ಲಾಸ್ಟಿಕ್, ಲೋಹದ ಮೇಲೆ ಹನಿಯಾಗಿ ಕೂರುತ್ತದೆ. ಮಳೆಗಾಲದ ಹಸಿ ನೆಲವಂತೂ ಟಾರ್ಪಾಲಿನೊಳಕ್ಕೆ ಮತ್ತೆ ಮತ್ತೆ ಆವಿ ಕೊಡುತ್ತಲೇ ಇರುತ್ತದೆ. ಹೊರಹೋಗಲು ದಾರಿಯಿಲ್ಲದ ಆ ಆವಿ ರಾತ್ರಿ ಒಳಗೇ ಮಳೆ ಸುರಿಸುತ್ತದೆ.

ಇನ್ನು ತುಕ್ಕಿನ ಮಾತು. ಎಷ್ಟು ಮಳೆ ಬಿತ್ತು ಎನ್ನುವುದಕ್ಕಿಂತ ಲೋಹ ಎಷ್ಟು ಹೊತ್ತು ಒದ್ದೆಯಾಗಿತ್ತು ಎನ್ನುವುದು ಮುಖ್ಯ. ಬಯಲಲ್ಲಿ ನೆನೆದ ಗಾಡಿ ಬಿಸಿಲು ಬಂದರೆ ತಾಸಿನಲ್ಲಿ ಒಣಗುತ್ತದೆ. ಟಾರ್ಪಾಲಿನೊಳಗಿನದು ದಿನವಿಡೀ ಒದ್ದೆ. ಅದರಲ್ಲೂ ಒದ್ದೆ ಹೊದಿಕೆ ಅಂಟಿಕೊಂಡ ಕಡೆ, ಕೆಸರು ಮೆತ್ತಿದ ಕಡೆ ಆಮ್ಲಜನಕ ಕಡಿಮೆ ಸಿಗುತ್ತದೆ, ತುಕ್ಕು ಅಲ್ಲೇ ಮೊದಲು ತಿನ್ನುತ್ತದೆ. ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದಿದ್ದ ಉತ್ತರ ನನ್ನ ಟ್ಯಾಂಕಿನ ತಳದಲ್ಲೇ ಇತ್ತು.

ಹಾಗೆಂದು ಮುಚ್ಚದೆ ಬಿಡಲಾಗದು. ಬಿಸಿಲು ಸೀಟು, ರಬ್ಬರು, ಬಣ್ಣವನ್ನು ತಿನ್ನುತ್ತದೆ. ಹೊಂಗೆ ಮರದಿಂದ ಹೂವು, ಹಕ್ಕಿ ಹಿಕ್ಕೆ ಬೀಳುತ್ತವೆ. ಆದ್ದರಿಂದ ಸರಿಯಾದ ಕವರ್ ಹುಡುಕಲು ಹೊರಟೆ. ಅಂಗಡಿಯಲ್ಲಿ ಮೊದಲು ಎದುರಾಗಿದ್ದು 190ಟಿ, 210ಡಿ ಎಂಬ ಅಂಕಿಗಳು. ಅಂಕಿ ದೊಡ್ಡದಾದಷ್ಟೂ ಬಟ್ಟೆ ಗಟ್ಟಿ ಎಂದು ನಾನು ತಿಳಿದಿದ್ದೆ. ನಿಜವಾಗಿ ಇವೆರಡೂ ಬೇರೆ ಬೇರೆ ಅಳತೆ. ಟಿ ಎಂದರೆ ಒಂದು ಚದರ ಅಂಗುಲದಲ್ಲಿ ಹಾಸು, ಹೊಕ್ಕು ಸೇರಿ ಎಷ್ಟು ಎಳೆಗಳಿವೆ ಎಂಬ ಲೆಕ್ಕ. ಡಿ ಎಂದರೆ ಡೆನಿಯರ್, ಅಂದರೆ 9,000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ರಾಮನಗರದ ರೀಲರ್‌ಗಳು ನಮ್ಮ ಗೂಡಿನಿಂದ ತೆಗೆದ ನೂಲನ್ನು ಅಳೆಯುವುದೂ ಇದೇ ಡೆನಿಯರ್‌ನಲ್ಲಿ. ಒಂದು ಗೂಡಿನ ಎಳೆ ಎರಡು-ಮೂರು ಡೆನಿಯರ್ ಇದ್ದರೆ ಹೆಚ್ಚು. ಹಾಗಾಗಿ ಟಿಯನ್ನು ಟಿಯ ಜೊತೆ, ಡಿಯನ್ನು ಡಿಯ ಜೊತೆ ಮಾತ್ರ ಹೋಲಿಸಿ.

ನೀರು ತಡೆಯುವುದು ಬಟ್ಟೆಗಿಂತ ಅದರ ಒಳಮೈಯ ಲೇಪನ. ಕೆಲವು ಕವರುಗಳ ಮೇಲೆ 1,000 ಅಥವಾ 2,000 ಮಿ.ಮೀ. ಎಂದು ಬರೆದಿರುತ್ತದೆ. ಅಷ್ಟು ಎತ್ತರದ ನೀರಿನ ಒತ್ತಡವನ್ನು ಬಟ್ಟೆ ತಡೆಯುತ್ತದೆ ಎಂದರ್ಥ. ಆದರೆ ಸೂಜಿ ಚುಚ್ಚಿದ ತೂತಿಗೆ ಆ ಮಾತು ಅನ್ವಯಿಸದು. ಕವರನ್ನು ತಿರುವಿಹಾಕಿ ಹೊಲಿಗೆಯ ಮೇಲೆ ಟೇಪ್ ಅಂಟಿಸಿದ್ದಾರೆಯೇ ನೋಡಿ. ಸೀಟಿನ ನಡುಮಧ್ಯದಲ್ಲೇ ಹೊಲಿಗೆ ಬಂದಿದ್ದರೆ ನೀರು ನಿಲ್ಲುವುದೂ ಸೋರುವುದೂ ಅಲ್ಲೇ. ಮನೆಗೆ ತಂದ ಮೇಲೆ ಸೀಟಿನ ಮೇಲೆ ಹಳೇ ಪೇಪರ್ ಹಾಸಿ, ಕವರ್ ಹೊದಿಸಿ, ನಾಲ್ಕು ಚೊಂಬು ನೀರು ಹೊಯ್ದರೆ ಸತ್ಯ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಗಾಳಿಕಿಂಡಿ. ಕನ್ನಡಿಯ ಹತ್ತಿರ ಎರಡೂ ಬದಿಗೆ, ಮೇಲೆ ಮುಚ್ಚಳದಂತೆ ಬಟ್ಟೆ ಇಳಿಬಿಟ್ಟ ಕಿಂಡಿಗಳಿರುವ ಕವರ್ ಆರಿಸಿದೆ. ಹೊಟ್ಟೆಯ ಕೆಳಗೆ ಕಟ್ಟುವ ಪಟ್ಟಿಯೂ ಬೇಕು. ಇಲ್ಲದಿದ್ದರೆ ಗಾಳಿಗೆ ಬಟ್ಟೆ ಪಟಪಟ ಬಡಿದು, ನಡುವೆ ಸಿಕ್ಕ ದೂಳು ಬಣ್ಣವನ್ನು ಉಪ್ಪುಕಾಗದದಂತೆ ಉಜ್ಜುತ್ತದೆ. ಕವರ್ ನೆಲಕ್ಕೆ ತಾಗದೆ ಒಂದು ಗೇಣು ಮೇಲಿರಬೇಕು. ಗಾಡಿಯ ಕೆಳಗಿನ ಹಸಿ ಮಣ್ಣಿನ ಮೇಲೆ ನಾನು ಎರಡು ಚಪ್ಪಡಿ ಕಲ್ಲು ಹಾಸಿದೆ. ಕವರಿಗೆ ಆದದ್ದು 750 ರೂಪಾಯಿ. ಕಲ್ಲು ಹಿತ್ತಲಲ್ಲೇ ಇದ್ದವು.

ಕೊಂಡ ಮೇಲೂ ಕೆಲಸ ಮುಗಿಯುವುದಿಲ್ಲ. ಕಾಲೇಜಿನಿಂದ ಬಂದ ಕೂಡಲೇ ಹೊದಿಸಿದರೆ ಬಿಸಿ ಸೈಲೆನ್ಸರಿಗೆ ಬಟ್ಟೆ ಕರಗಿ ಅಂಟುತ್ತದೆ, ಅರ್ಧ ಗಂಟೆ ಕಾಯಬೇಕು. ಮಳೆಯಲ್ಲಿ ನೆನೆದು ಬಂದ ಗಾಡಿಯನ್ನು ಒರೆಸಿ, ಆರಲು ಬಿಟ್ಟು ಆಮೇಲೆ ಹೊದಿಸಬೇಕು. ವಾರಗಟ್ಟಲೆ ಮುಚ್ಚಿಟ್ಟರೆ ಇಲಿ ಒಳಗೇ ಸಂಸಾರ ಹೂಡಿ ವೈರು ಕಡಿಯುತ್ತದೆ. ಬೆಂಗಳೂರಿನ ಪಿ.ಜಿ.ಗಳ ಮುಂದೆ ರಸ್ತೆಯಲ್ಲೇ ಗಾಡಿ ನಿಲ್ಲಿಸುವ ಗೆಳೆಯರಿಗೂ ಇದೇ ಮಾತು. ಬಿಸಿಲು ಕಂಡ ದಿನ ಕವರ್ ತೆಗೆದು ಗಾಡಿಗೆ ಗಾಳಿ ತೋರಿಸಿ. ಇಂಟರ್‌ವ್ಯೂ ಇರುವ ಬೆಳಿಗ್ಗೆಯೇ ಗಾಡಿ ಮುಷ್ಕರ ಹೂಡಿದರೆ ಕಂಪನಿಯವರು ಕಾಯುವುದಿಲ್ಲ.

ಆ ಇಂಟರ್ನಲ್ಸ್ ಅಂಕ ನನಗೆ ವಾಪಸ್ ಬರಲಿಲ್ಲ. ಟ್ಯಾಂಕಿನ ತಳದ ಗುಳ್ಳೆ ಕೆರೆದು ಬಣ್ಣ ಬಳಿದ ಗುರುತು ಈಗಲೂ ಇದೆ. ಆದರೆ ಈ ಮಳೆಗಾಲದಲ್ಲಿ ಒಮ್ಮೆಯೂ ಬಸ್ಸಿಗೆ ಓಡಿಲ್ಲ. ನಾನು ಏಳುವ ಹೊತ್ತಿಗೆ, ಹುಳುವಿಗೆ ಸೊಪ್ಪು ಹಾಕಿ ಬಂದ ಅಪ್ಪ ಗಾಡಿಯ ಕವರನ್ನೂ ತೆಗೆದು, ಕೊಡವಿ, ಬಟ್ಟೆ ಒಣಹಾಕುವ ತಂತಿಯ ಮೇಲೆ ಹರವಿರುತ್ತಾರೆ.