ಹಕ್ಕಿಗಳ ಊಟದ ಹೊತ್ತು

ಚಳಿಗಾಲದಲ್ಲಿ ಹಕ್ಕಿ ನೋಡಲು ಹೊರಡುವವರು ಮೊದಲು ಕೇಳುವುದು ಎಲ್ಲಿಗೆ ಹೋಗಬೇಕು ಎಂದು. ಎಷ್ಟು ಹೊತ್ತಿಗೆ ಎಂದು ಕೇಳುವವರು ಕಡಿಮೆ. ವಲಸೆ ಬಂದ ಹಕ್ಕಿಗೆ ಇಲ್ಲಿ ಗೂಡು ಕಟ್ಟುವ, ಮರಿ ಸಾಕುವ ತಾಪತ್ರಯವಿಲ್ಲ. ಮಾರ್ಚ್ ಸುಮಾರಿಗೆ ಹೊರಟು ನಿಲ್ಲುವ ತನಕ ಅದಕ್ಕಿರುವುದು ಎರಡೇ ಕೆಲಸ: ಹೊಟ್ಟೆ ತುಂಬಿಸಿಕೊಳ್ಳುವುದು, ದಣಿವಾರಿಸಿಕೊಳ್ಳುವುದು. ಅದರ ಊಟದ ಹೊತ್ತು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಕರಾವಳಿಯಲ್ಲಿ ಈ ಹೊತ್ತನ್ನು ಗೊತ್ತುಮಾಡುವವನು ಚಂದ್ರ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯನ್ನೇ ತೆಗೆದುಕೊಳ್ಳಿ. ಶಿರಸಿ ಸೀಮೆಯಲ್ಲಿ ಹುಟ್ಟಿ, ದಾರಿಯಲ್ಲಿ ಯಾವ ದೊಡ್ಡ ಅಣೆಕಟ್ಟಿಗೂ ಸಿಗದೆ ಇಳಿದು ಬರುವ ಹೊಳೆ ತದಡಿಯ ಬಳಿ ಕಡಲು ಸೇರುತ್ತದೆ. ಇಳಿತದಲ್ಲಿ ನೀರು ಸರಿದಾಗ ಅಗಲವಾದ ಕೆಸರುಬಯಲು ತೆರೆದುಕೊಳ್ಳುತ್ತದೆ. ಊರಿನವರು ಬಳಚು ಆಯಲು ಇಳಿಯುವುದು ಆಗ, ಹಕ್ಕಿಗಳೂ ಆಗಲೇ. ಆದರೆ ನೀರು ಪೂರ್ತಿ ಇಳಿದಾಗ ಹೋದರೆ ಹಕ್ಕಿಗಳು ದೂರದೂರಕ್ಕೆ ಹರಡಿಕೊಂಡು ಬರೀ ಚುಕ್ಕಿಗಳಾಗಿ ಕಾಣುತ್ತವೆ. ಉಬ್ಬರ ತುಂಬುವುದಕ್ಕೆ ಎರಡು ಗಂಟೆ ಮೊದಲೇ ದಡದಲ್ಲಿ ಕೂತುಬಿಡಬೇಕು. ನೀರು ಏರಿದಂತೆಲ್ಲ ಅವುಗಳನ್ನು ನಮ್ಮ ಕಡೆಗೆ ತಳ್ಳುತ್ತಾ ಬರುತ್ತದೆ. ಕೊನೆಗೆ ಮುಳುಗದೆ ಉಳಿದ ಮರಳದಿಬ್ಬದ ಮೇಲೆ ಎಲ್ಲವೂ ಒತ್ತೊತ್ತಾಗಿ ನಿಲ್ಲುತ್ತವೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ಜೋರು. ಇದರ ಪಟ್ಟಿ ಫೋನಿನಲ್ಲೂ ಸಿಗುತ್ತದೆ, ದೋಣಿಯವರ ಬಾಯಲ್ಲೂ ಸಿಗುತ್ತದೆ. ನನಗೆ ಎರಡನೆಯದರ ಮೇಲೆ ನಂಬಿಕೆ ಹೆಚ್ಚು.

ಇಷ್ಟೊಂದು ಬಗೆಯ ಹಕ್ಕಿಗಳು ಒಂದೇ ಕೆಸರಿನಲ್ಲಿ ಜಗಳವಿಲ್ಲದೆ ಉಣ್ಣುವುದು ಹೇಗೆ? ಕೊಕ್ಕು ನೋಡಿ. ಕರ್ಲ್ಯೂ ಹಕ್ಕಿಯ ಬಾಗಿದ ಕೊಕ್ಕು, ಅದರಲ್ಲೂ ಹೆಣ್ಣಿನದು, 15 ಸೆಂಟಿಮೀಟರ್ ದಾಟುವುದುಂಟು. ಆಳದ ಬಿಲದಲ್ಲಿರುವ ಹುಳುವನ್ನು ಅದು ಕಣ್ಣಿಂದ ಕಾಣುವುದಿಲ್ಲ, ಕೊಕ್ಕಿನ ತುದಿಯಿಂದ ತಡಕಿ ಹಿಡಿಯುತ್ತದೆ. ಕೆಂಗಾಲಿನ ಗೊರವದ ಕೊಕ್ಕು ನಡುಗಾತ್ರದ್ದು, ಅದರ ಊಟವೂ ಕೆಸರಿನ ಮೇಲ್ಪದರದಲ್ಲಿ. ಗಿಡ್ಡ ಕೊಕ್ಕಿನ ಪ್ಲೋವರ್‌ಗಳದು ಬೇರೆಯದೇ ವರಸೆ: ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ದಿಟ್ಟಿಸಿ, ಕುಕ್ಕುವುದು. ಬಣ್ಣ ನೋಡಿ ಗುರುತಿಸಲು ಹೋದರೆ ಚಳಿಗಾಲದಲ್ಲಿ ಎಲ್ಲವೂ ಬೂದು, ತಲೆ ಕೆಡುತ್ತದೆ. ಉಣ್ಣುವ ರೀತಿ ನೋಡಿ, ಅರ್ಧದಷ್ಟು ಬೇರೆಯಾಗಿಬಿಡುತ್ತವೆ.

ಉಬ್ಬರದ ಹೊತ್ತಿನಲ್ಲಿ ಗಜನಿಗಳ ಕಡೆಗೂ ಒಂದು ಸುತ್ತು ಹಾಕಿ. ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವ ಗದ್ದೆಗಳಿವು. ಕೊಯ್ಲಾದ ಮೇಲೆ ಉಪ್ಪುನೀರು ಒಳಗೆ ಬಂದು, ಕೂಳೆಯ ನಡುವೆ ಸಿಗಡಿ, ಮೀನು ಬೆಳೆಯುತ್ತವೆ. ಹಕ್ಕಿಗಳಿಗೆ ಅದು ಎರಡನೇ ಪಂಕ್ತಿ.

ಘಟ್ಟ ಹತ್ತಿ ಬಯಲುಸೀಮೆಗೆ ಬಂದರೆ ಲೆಕ್ಕ ತಿರುಗುತ್ತದೆ. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ದೊಡ್ಡ ಸಂಖ್ಯೆಯಲ್ಲಿ ಬರುತ್ತವೆ. ಇವುಗಳ ತವರು ಮಂಗೋಲಿಯಾ, ಟಿಬೆಟ್, ಲಡಾಖ್. ಹಿಮಾಲಯ ದಾಟುವಾಗ 7,000 ಮೀಟರಿಗೂ ಮೇಲೆ ಹಾರಿದ ದಾಖಲೆಯಿದೆ. ಇವುಗಳ ರಕ್ತದ ಹಿಮೋಗ್ಲೋಬಿನ್ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹಾಗೆಂದು ಸದಾ ಎತ್ತರದಲ್ಲೇ ಹಾರುವುದಿಲ್ಲ. ಬೆಟ್ಟದ ಏರಿಳಿತಕ್ಕೆ ತಕ್ಕಂತೆ ತಾವೂ ಏರಿಳಿದು ಶಕ್ತಿ ಉಳಿಸಿಕೊಳ್ಳುತ್ತವೆ. ಇಷ್ಟು ಸಾಹಸ ಮಾಡಿ ಬಂದವು ಇಲ್ಲಿ ಕೆರೆಯಲ್ಲಿ ಉಣ್ಣುವುದು ಕಡಿಮೆ! ಕೆರೆ ಮಲಗುವ ಮನೆ, ಊಟ ಸುತ್ತಲ ಹೊಲಗಳಲ್ಲಿ. ಸಂಜೆ ಎದ್ದು ಹೋಗುತ್ತವೆ, ಬೆಳಗಾದ ಮೇಲೆ ಸಾಲುಸಾಲಾಗಿ ಮರಳುತ್ತವೆ. ಆದ್ದರಿಂದ ಮಾಗಡಿಗೆ ನಸುಕಿನಲ್ಲೇ ತಲುಪಿ. ಹತ್ತು ಗಂಟೆಗೆ ಬಂದು ‘ಬರೀ ಮಲಗಿವೆ’ ಎಂದು ಬೇಸರಪಟ್ಟುಕೊಳ್ಳುವವರು ಬಹಳ. ತನ್ನ ಹೊಲದಲ್ಲಿ ಮೇದು ಹೋದ ಅತಿಥಿಗಳನ್ನು ಸಹಿಸಿಕೊಳ್ಳುವ ರೈತನ ಬಗ್ಗೆ ಯಾರೂ ಮಾತಾಡುವುದಿಲ್ಲ ಎಂಬುದು ನನ್ನ ತಕರಾರು. ಮಾಗಡಿ, ಅಘನಾಶಿನಿ ಎರಡೂ 2024ರಲ್ಲಿ ರಾಮ್‌ಸಾರ್ ಪಟ್ಟಿ ಸೇರಿದವು, ವಿಜಯನಗರ ಜಿಲ್ಲೆಯ ಅಂಕಸಮುದ್ರದ ಜೊತೆಗೆ.

ಅಘನಾಶಿನಿಯ ಮರಳಿನಲ್ಲಿ ಓಡಾಡುವ ಅಂಗೈಯಗಲದ ಸ್ಯಾಂಡ್ ಪ್ಲೋವರ್‌ನ ಒಂದು ಬಗೆಯೂ ಟಿಬೆಟ್ ಸೀಮೆಯದೇ. ತವರು ಒಂದೇ ಆದರೂ ಹೆಬ್ಬಾತು ಕೆರೆ ಹಿಡಿಯಿತು, ಇದು ಕಡಲು ಹಿಡಿಯಿತು.

ಹುಲ್ಲುಗಾವಲಿನ ಮಾತು ಚಿಕ್ಕದು. ಬೆಂಗಳೂರಿನ ಪಕ್ಕದ ಹೆಸರಘಟ್ಟದಂಥ ಕಡೆ ಸೆಳೆವಗಳು ಹುಲ್ಲಿನ ತುದಿ ಸವರುವಂತೆ ಹಾರಿ ಮಿಡತೆ, ಪುಟ್ಟ ಹಕ್ಕಿಗಳನ್ನು ಹಿಡಿಯುತ್ತವೆ. ಈ ಗಿಡುಗಗಳು ರಾತ್ರಿ ಮಲಗುವುದು ನೆಲದ ಮೇಲೆ, ಹುಲ್ಲಿನೊಳಗೆ. ಸಂಜೆ ಹೋಗಿ, ಆದರೆ ಹುಲ್ಲೊಳಗೆ ಕಾಲಿಡಬೇಡಿ.

ಸಲಕರಣೆ ಹೆಚ್ಚು ಬೇಡ. 8×42 ದುರ್ಬೀನು, ಟೋಪಿ, ನೋಟುಪುಸ್ತಕ ಸಾಕು. ಸೂರ್ಯ ಬೆನ್ನ ಹಿಂದಿರಲಿ. ಒಳ್ಳೆ ಫೋಟೊ ಬೇಕೆಂದು ವಿಶ್ರಮಿಸುವ ಗುಂಪನ್ನು ಎಬ್ಬಿಸಿ ಹಾರಿಸುವುದು ಕೆಟ್ಟ ಚಾಳಿ; ಪ್ರತಿ ಹಾರಾಟವೂ ಅವು ಪ್ರಯಾಣಕ್ಕೆಂದು ಕೂಡಿಟ್ಟ ಕೊಬ್ಬನ್ನು ಕರಗಿಸುತ್ತದೆ. ಒಬ್ಬರೇ ಹೋಗಲು ಹಿಂಜರಿಕೆಯಿದ್ದರೆ ಜನವರಿಯ ಏಷ್ಯನ್ ನೀರುಹಕ್ಕಿ ಗಣತಿಗೆ ಸೇರಿಕೊಳ್ಳಿ. 1987ರಿಂದ ನಡೆದುಬಂದಿರುವ ಈ ಎಣಿಕೆಯಲ್ಲಿ ಹಳಬರ ಪಕ್ಕ ನಿಂತು ಕಲಿಯುವುದು ಬಹಳ. ಹೆಬ್ಬಾತುಗಳನ್ನು ಎಣಿಸುವಾಗ ಕತ್ತುಗಳನ್ನೂ ಗಮನಿಸಿ. ಮಂಗೋಲಿಯಾದಲ್ಲಿ ಸಂಶೋಧಕರು ತೊಡಿಸಿದ ಕೊರಳಪಟ್ಟಿಯ ಹಕ್ಕಿಗಳು ಮೈಸೂರು ಕಡೆಯ ಕೆರೆಗಳಲ್ಲಿ ಕಂಡಿವೆ. ಪಟ್ಟಿಯ ಬಣ್ಣ, ಅದರ ಮೇಲಿನ ಅಕ್ಷರ, ಅಂಕಿ, ಕೆರೆಯ ಹೆಸರು, ದಿನಾಂಕ ಇಷ್ಟನ್ನು ಬರೆದುಕೊಂಡು ಗಣತಿಯ ಸಂಯೋಜಕರಿಗೆ ತಲುಪಿಸಿ.