ದ್ವೀಪಕ್ಕೆ ಬಂದ ಹೊಸ ಕನ್ನಡಿ

ಶಾಂತಸಾಗರದ ನಡುವೆ ಹರಡಿರುವ ಫಿಜಿ ದ್ವೀಪಗಳ ಮೂಲನಿವಾಸಿಗಳಲ್ಲಿ ಹಿಂದಿನಿಂದಲೂ ಮೈತುಂಬಿದ ದೇಹವೇ ಚೆಲುವೆನಿಸಿಕೊಂಡಿತ್ತು. ಬಂದವರಿಗೆ ಹೊಟ್ಟೆ ತುಂಬ ಬಡಿಸುವುದು ಅಲ್ಲಿಯ ಶಿಷ್ಟಾಚಾರ. ಮನೆಮಗಳು ಸೊರಗಿದಳೆಂದರೆ ಮನೆಯವರ ಅಕ್ಕರೆಯಲ್ಲಿಯೇ ಎಲ್ಲಿಯೋ ಕೊರತೆಯಾಯಿತೆಂದು ಊರು ಬಗೆಯುತ್ತಿತ್ತು. ಹಸಿವು ಕುಂದುವುದನ್ನೂ ಒಂದು ರೋಗವೆಂದೆಣಿಸಿ ಗಿಡಮೂಲಿಕೆಯ ಮದ್ದು ಕೊಡುವ ವಾಡಿಕೆಯಿತ್ತು.

ಇಂಥ ನಾಡಿನ ನಂದ್ರೋಂಗ ಪ್ರಾಂತಕ್ಕೆ 1995ರಲ್ಲಿ ದೂರದರ್ಶನ ಬಂದಿತು. ತೆರೆಯ ಮೇಲೆ ಕಂಡವರು ಹೆಚ್ಚಾಗಿ ಪಾಶ್ಚಾತ್ಯ ದೇಶಗಳ ತೆಳುಮೈಯ ತರುಣಿಯರು. 1980ರ ದಶಕದಿಂದಲೇ ಫಿಜಿಯ ಜನಜೀವನವನ್ನು ಅಭ್ಯಸಿಸುತ್ತಿದ್ದ ಅಮೆರಿಕದ ಮನೋವೈದ್ಯೆ ಆನ್ ಬೆಕರ್ ಆ ವರ್ಷವೇ ಅಲ್ಲಿಯ 63 ಶಾಲಾಬಾಲಿಕೆಯರನ್ನು ಪ್ರಶ್ನಿಸಿದರು. 1998ರಲ್ಲಿ ಬೇರೆ 65 ಮಂದಿಯನ್ನು ಅದೇ ರೀತಿ ಪ್ರಶ್ನಿಸಿದರು. ತೂಕವಿಳಿಸಲೆಂದು ಉಂಡದ್ದನ್ನು ಬಲವಂತವಾಗಿ ಹೊರಹಾಕುತ್ತಿದ್ದವರು ಮೊದಲ ಸಲ ಒಬ್ಬರೂ ಇರಲಿಲ್ಲ. ಮೂರು ವರ್ಷಗಳಲ್ಲಿ ಅವರ ಪ್ರಮಾಣ ನೂರಕ್ಕೆ 11ನ್ನು ಮೀರಿತು. ತಾವು ತೀರ ದಪ್ಪನೆಂಬ ಭಾವನೆ ನೂರಕ್ಕೆ 74 ಮಂದಿಯನ್ನು ಆಗಾಗ ಕಾಡುತ್ತಿತ್ತು. ಸಂಖ್ಯೆ ಸಣ್ಣದು, ಕಾಲವೂ ಹಲವು ಬಗೆಯಲ್ಲಿ ಬದಲಾಗುತ್ತಿತ್ತು, ನಿಜ. ಆದರೂ 2002ರಲ್ಲಿ ಪ್ರಕಟವಾದ ಈ ವರದಿ ಲೋಕದ ವೈದ್ಯರನ್ನು ಎಚ್ಚರಿಸಿತು.

ಇದು ಬರಿಯ ಷೋಕಿಯೇ? ಬಾಲಿಕೆಯರ ಉತ್ತರಗಳು ಬೇರೆಯೇ ಕಥೆ ಹೇಳಿದವು. ತೆರೆಯ ಮೇಲಿನ ಹೆಣ್ಣು ನೌಕರಿಯುಳ್ಳವಳು, ಮನ್ನಣೆ ಪಡೆದವಳು. ಅವಳಂತೆ ಮೈ ತೆಳುವಾದರೆ ತಮ್ಮ ಬಾಳೂ ಹಾಗೆಯೇ ಹಸನಾದೀತೆಂದು ಹಲವರು ನಂಬಿದ್ದರು. ತನ್ನನ್ನು ಅಳೆದುಕೊಳ್ಳಲು ಬೇರೆ ಅಳತೆಗೋಲು ಸಿಗದಾಗ ಮನುಷ್ಯನು ಪರರನ್ನೇ ಅಳತೆಗೋಲಾಗಿ ಮಾಡಿಕೊಳ್ಳುತ್ತಾನೆಂದು ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲಿಯೇ ಹೇಳಿದ್ದರು. ಮುಂದೆ ಬರಬೇಕೆಂಬ ಆಸೆ ತಪ್ಪಲ್ಲ. ಆ ಆಸೆ ಅನ್ನದ ಮೇಲೆ ಹಗೆಯಾಗಿ ತಿರುಗಿದುದೇ ದುರಂತ.

ಇಂದು ಆ ತೆರೆ ಅಂಗೈಗಿಳಿದಿದೆ. ಅದರಲ್ಲಿ ಕಾಣುವುದು ನೂರರಲ್ಲಿ ಆಯ್ದು, ತಿದ್ದಿ, ಬೆಳಕಿಗೊಡ್ಡಿದ ಒಂದು ಚಿತ್ರ. ಅದರೊಡನೆ ಹೋಲಿಸಿಕೊಂಡು ಸೋಲುವವರಲ್ಲಿ ಈಗ ಹುಡುಗರೂ ಇದ್ದಾರೆ. ಊಟಕ್ಕೆ ಕರೆದಾಗಲೆಲ್ಲ ನೆಪ ಹೇಳುವುದು, ಉಂಡೊಡನೆ ಬಚ್ಚಲಿಗೆ ಹೋಗಿ ಬಾಗಿಲಿಕ್ಕಿಕೊಳ್ಳುವುದು, ದಿನಕ್ಕೆ ಹಲವು ಸಲ ತೂಕ ನೋಡಿಕೊಳ್ಳುವುದು—ಇವನ್ನು ಹಟವೆಂದು ಗದರುವುದು ಸಲ್ಲದು. ಇವು ರೋಗದ ಲಕ್ಷಣಗಳಿರಬಹುದು. ಹೃದಯಕ್ಕೂ ಎಲುಬಿಗೂ, ಕೆಲವೊಮ್ಮೆ ಪ್ರಾಣಕ್ಕೂ ಕುತ್ತು ತರುವಂಥ ರೋಗ. ವೈದ್ಯರಿಗೆ ಬೇಗ ತೋರಿಸಿದಷ್ಟೂ ಗುಣವಾಗುವ ಭರವಸೆ ಹೆಚ್ಚು.

ಮನೆಯಲ್ಲಿ ಆಗಬೇಕಾದುದೂ ಇದೆ. 'ಊದಿಕೊಂಡೆ', 'ಕಡ್ಡಿಯಾದೆ' ಎಂಬ ಮಾತುಗಳು ನೆಂಟರ ನಡುವೆ ನಗೆಯಾಗಿ ಹುಟ್ಟಿ ಎಳೆಯ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯುತ್ತವೆ. ಮಗಳು ಅನ್ನವನ್ನು ಪಕ್ಕಕ್ಕೆ ಸರಿಸಿದ ದಿನ, ಎಷ್ಟು ಉಂಡೆಯೆಂದು ಕೇಳುವ ಮೊದಲು, ಏನಾಗಬೇಕೆಂದಿರುವೆ ತಾಯಿ, ಎಂದು ಹೆತ್ತವರು ಕೇಳಲಿ.