ಶ್ರುತಿಪೆಟ್ಟಿಗೆಯಿಂದ ಟೆಕ್ನೋವರೆಗೆ

ಜಯನಗರದ ಬೀದಿಗಳಲ್ಲಿ ಬೆಳಗಿನ ಹೊತ್ತು ನಡೆದುಹೋಗುವವರಿಗೆ ಒಂದು ನಾದ ಚಿರಪರಿಚಿತ. ಯಾವುದೋ ಮನೆಯ ಕಿಟಕಿಯಿಂದ ತಂಬೂರಿಯ ಶ್ರುತಿ ಹೊರಡುತ್ತದೆ. ಅದನ್ನಾಶ್ರಯಿಸಿ ಎಳೆಯ ಕಂಠವೊಂದು ಮಾಯಾಮಾಳವಗೌಳದ ಸರಳೆವರಸೆಯನ್ನು ತಿದ್ದುತ್ತಿರುತ್ತದೆ. ಒಳಗೆ ಇಣಿಕಿದರೆ ಅಲ್ಲಿ ತಂಬೂರಿಯೇ ಇಲ್ಲ! ಪುಸ್ತಕದ ಗಾತ್ರದ ಪೆಟ್ಟಿಗೆಯೊಂದು ದಣಿವಿಲ್ಲದೆ ಮಿಡಿಯುತ್ತಿರುತ್ತದೆ. ಬೆಂಗಳೂರಿನ ಇಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು ೧೯೭೯ರಲ್ಲಿ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿಯ ವಂಶದ್ದು ಅದು.

ನಮ್ಮ ಮನೆಯಲ್ಲಿಯೂ ಅಂಥದೊಂದು ಪೆಟ್ಟಿಗೆಯುಂಟು. ಕೆಳಗೆ ಸೋದರ ಸೊಸೆಯ ಸಂಗೀತಾಭ್ಯಾಸ. ಮಹಡಿಯ ಕೋಣೆಯಲ್ಲಿ ಅವಳ ಅಣ್ಣನ ಬೇರೊಂದು ಲೋಕ. ಅವನು ಕೇಳುವುದೂ ಕಟ್ಟುವುದೂ ಟೆಕ್ನೋ ಎಂಬ ಯಂತ್ರಸಂಗೀತವನ್ನು. ಒಂದು ದಿನ ನಾನು, "ಇದೇನಪ್ಪ, ಕಾರ್ಖಾನೆಯ ಸದ್ದು?" ಎಂದೆ. ಅವನು ಸ್ವಲ್ಪವೂ ಬೇಸರಿಸದೆ, "ಕೆಳಗಿರುವ ಪೆಟ್ಟಿಗೆಯೂ ಯಂತ್ರವೇ ಅಲ್ಲವೆ ಮಾವ?" ಎಂದ. ಉತ್ತರ ತೋಚಲಿಲ್ಲ. ಆ ಸೋಲೇ ಈ ಲೇಖನಕ್ಕೆ ಕಾರಣ.

ಕಾರ್ಖಾನೆಯ ಮಾತು ಪೂರ್ತಿ ತಪ್ಪೇನೂ ಆಗಿರಲಿಲ್ಲ. ಟೆಕ್ನೋ ಹುಟ್ಟಿದ್ದು ಅಮೆರಿಕದ ಮೋಟಾರು ನಗರವಾದ ಡೆಟ್ರಾಯಿಟ್ಟಿನ ಆಸುಪಾಸಿನಲ್ಲಿ. ಕಾರ್ಖಾನೆಗಳು ಸೊರಗುತ್ತಿದ್ದ ಕಾಲದಲ್ಲಿ ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂವರು ಶಾಲಾ ಗೆಳೆಯರು ಅಗ್ಗದ ಯಂತ್ರಗಳಿಂದ ಹೊಸ ಲಯವೊಂದನ್ನು ಹೊರಡಿಸಿದರು. ನಾಲ್ಕು ಸಮಪೆಟ್ಟುಗಳ ಆವರ್ತ. ಮಿನಿಟಿಗೆ ಸುಮಾರು ನೂರಿಪ್ಪತ್ತು, ನೂರಮೂವತ್ತು ಪೆಟ್ಟು. ಎರಡು ಆವರ್ತ ಸೇರಿದರೆ ನಮ್ಮ ಆದಿತಾಳದ ಎಂಟಕ್ಷರ. ಷಿಕಾಗೋ ನಗರದ ಹೌಸ್ ಸಂಗೀತದ ಲಾಲಿತ್ಯವೂ ಟೆಕ್ನೋವಿನ ಬಿಗಿಯೂ ಬೆರೆತು, ೧೯೯೦ರ ದಶಕದ ಲಂಡನ್ನಿನಲ್ಲಿ 'ಟೆಕ್ ಹೌಸ್' ಎಂಬ ಕವಲು ಬೆಳೆಯಿತು. ಇದರಲ್ಲಿ ಮಾತು ಕಡಿಮೆ. ಕೆಲವೊಮ್ಮೆ ಇಲ್ಲವೇ ಇಲ್ಲ. ಪುನರಾವೃತ್ತಿಯೊಳಗೆ ಸೂಕ್ಷ್ಮವಾಗಿ ನಡೆಯುವ ಬದಲಾವಣೆಯೇ ಇದರ ರಸ. ನೆರವಲಿನಲ್ಲಿ ಒಂದೇ ಸಾಲನ್ನು ಮತ್ತೆ ಮತ್ತೆ ಅರಳಿಸುವುದನ್ನು ಕೇಳಿ ತಲೆದೂಗುವ ನಮಗೆ ಇದು ತೀರ ಅಪರಿಚಿತವಾಗಬೇಕಾಗಿಲ್ಲ.

ಈ ಕಥೆಗೆ ಭಾರತದ ಅಧ್ಯಾಯವೊಂದಿದೆ. ಜಪಾನಿನ ರೋಲ್ಯಾಂಡ್ ಸಂಸ್ಥೆ ೧೯೮೧ರಲ್ಲಿ ಟಿಬಿ-೩೦೩ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಒಂಟಿಯಾಗಿ ನುಡಿಸುವವರಿಗೆ ಮಂದ್ರಸ್ವರದ ಗಿಟಾರಿನ ಸಾಥಿ ಒದಗಿಸುವುದು ಅದರ ಉದ್ದೇಶ. ಅದು ಸೋತಿತು, ಕೆಲವೇ ವರ್ಷಗಳಲ್ಲಿ ತಯಾರಿಕೆ ನಿಂತು, ಹಳೆಯ ಸಾಮಾನಿನ ಅಂಗಡಿ ಸೇರಿತು. ಷಿಕಾಗೋವಿನ ತರುಣರು ಅದರಿಂದ 'ಆಸಿಡ್' ಎಂಬ ಹೊಸ ನಾದವನ್ನು ಹೊರಡಿಸಿ ೧೯೮೭ರಲ್ಲಿ ಮುದ್ರಿಸಿದರು. ಆದರೆ ಅದಕ್ಕೆ ಐದು ವರ್ಷ ಮುಂಚೆ, ೧೯೮೨ರಲ್ಲಿಯೇ, ಮುಂಬಯಿಯ ಚಿತ್ರಸಂಗೀತದ ವಾದ್ಯಗಾರ ಚರಣ್‌ಜಿತ್ ಸಿಂಗ್ ಅದೇ ಯಂತ್ರವನ್ನೂ ಬಳಸಿ ಹತ್ತು ರಾಗಗಳನ್ನು ನುಡಿಸಿ ಧ್ವನಿಮುದ್ರಿಕೆ ಹೊರತಂದಿದ್ದರು. ಅದರಲ್ಲಿ ಯಮನ್ ಇದೆ, ಎಂದರೆ ನಮ್ಮ ಕಲ್ಯಾಣಿ. ಮಾಲಕೌಂಸ್ ಇದೆ, ಎಂದರೆ ಹಿಂದೋಳ. ಭೈರವ್ ಕೂಡ ಇದೆ; ಅದರ ಸ್ವರಗಳೋ ಪುರಂದರದಾಸರು ಮೊದಲ ಪಾಠಕ್ಕೆ ಗೊತ್ತುಮಾಡಿದರೆಂದು ನಾವು ನಂಬಿರುವ ಮಾಯಾಮಾಳವಗೌಳದವೇ. ನಮ್ಮ ಮಹಡಿಯ ಸಂಗೀತವೂ ಕೆಳಗಿನ ಕೋಣೆಯ ಸಂಗೀತವೂ ಆಗಲೇ ಒಮ್ಮೆ ಕೈಹಿಡಿದಿದ್ದುವು; ಗಮನಿಸಿದವರು ವಿರಳ. ೨೦೧೦ರಲ್ಲಿ ಅದು ಪುನರ್ಮುದ್ರಣವಾದ ಮೇಲೆಯೇ ಸಿಂಗರಿಗೆ ಲೋಕದ ಮನ್ನಣೆ ದೊರೆತದ್ದು. ೨೦೧೫ರಲ್ಲಿ ಅವರು ತೀರಿಕೊಂಡರು.

ಇಲ್ಲಿಯೇ ಸಂಕಲನಕಾರನ ಮಹತ್ವ ಕಾಣುತ್ತದೆ. ಡೆಟ್ರಾಯಿಟ್ಟಿನ ಬಿಡಿ ಬಿಡಿ ತಟ್ಟೆಗಳಿಗೆ ಒಂದು ಹೆಸರನ್ನೂ ಲೋಕದಲ್ಲಿ ಒಂದು ಸ್ಥಾನವನ್ನೂ ತಂದುಕೊಟ್ಟದ್ದು ೧೯೮೮ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಸಂಕಲನ. ಅದರ ಶೀರ್ಷಿಕೆಯಲ್ಲೇ 'ಟೆಕ್ನೋ' ಎಂಬ ಮಾತಿತ್ತು. ಮುಂದೆ ಬರ್ಲಿನ್ನಿನಿಂದ 'ಡಿಜೆ-ಕಿಕ್ಸ್', ಲಂಡನ್ನಿನಿಂದ 'ಫ್ಯಾಬ್ರಿಕ್' ಮೊದಲಾದ ಮಾಲೆಗಳು ಬಂದುವು. ಇವುಗಳಲ್ಲಿ ಡಿಜೆ ಅನ್ಯರ ರಚನೆಗಳನ್ನು ಆಯ್ದು, ವೇಗ ಹೊಂದಿಸಿ, ನಡುವೆ ಬಿರುಕು ಕಾಣದಂತೆ ಒಂದರೊಳಗೊಂದನ್ನು ಹೊಗಿಸುತ್ತಾನೆ. ರಾಗಮಾಲಿಕೆಯಲ್ಲಿ ರಾಗದಿಂದ ರಾಗಕ್ಕೆ ದಾಟುವ ಜಾಣ್ಮೆಯನ್ನು ಬಲ್ಲವರಿಗೆ ಈ ಕಲೆಯ ಕಷ್ಟ ತಿಳಿದೀತು.

ಕನ್ನಡಿಗರಿಗೆ ಇದೇನು ಹೊಸತೆ? ಹದಿಮೂರನೆಯ ಶತಮಾನದಲ್ಲಿ, ಕೇಶಿರಾಜನ ತಂದೆ ಮಲ್ಲಿಕಾರ್ಜುನ ಹಿಂದಿನ ಕವಿಗಳ ಪದ್ಯಗಳನ್ನು ಆಯ್ದು, ವರ್ಣನೆಯ ವಿಷಯಗಳಿಗನುಗುಣವಾಗಿ ಜೋಡಿಸಿ 'ಸೂಕ್ತಿಸುಧಾರ್ಣವ'ವನ್ನು ಕಟ್ಟಿದ. ಬೇರೆ ಬೇರೆ ಕಾಲದ ಕವಿಗಳು ಅಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿದ್ದಾರೆ. ಒಂದನೆಯ ಗುಣವರ್ಮನ 'ಶೂದ್ರಕ' ಇಂದು ನಮಗೆ ದೊರೆತಿಲ್ಲ. ಅದರ ಸೊಗಸನ್ನು ನಾವು ಊಹಿಸಿಕೊಳ್ಳುವುದು ಇಂಥ ಸಂಕಲನಗಳಲ್ಲಿ ಉಳಿದ ಪದ್ಯಗಳಿಂದ. ಆಯುವವನು ಕಾಯುವವನೂ ಆಗುತ್ತಾನೆ.

ಇತ್ತೀಚಿನ ನಿದರ್ಶನವೊಂದನ್ನು ನೋಡಿ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ೧೯೬೯ರಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಅವರ ನೆರವಿನಿಂದ ಎಲೆಕ್ಟ್ರಾನಿಕ್ ಸಂಗೀತಶಾಲೆಯೊಂದು ತೆರೆಯಿತು. ಗೀತಾ ಸಾರಾಭಾಯಿ, ಐ. ಎಸ್. ಮಾಥುರ್, ಅತುಲ್ ದೇಸಾಯಿ ಮೊದಲಾದವರು ಮೂಗ್ ಯಂತ್ರದ ಮೇಲೆ ದುಡಿದರು. ಕೆಲವೇ ವರ್ಷಗಳಲ್ಲಿ ಶಾಲೆ ಮುಚ್ಚಿತು. ಧ್ವನಿಸುರುಳಿಗಳು ಕಪಾಟು ಸೇರಿದುವು. ಪಾಲ್ ಪರ್ಗಸ್ ಎಂಬ ಇಂಗ್ಲೆಂಡಿನ ಕಲಾವಿದರು ಅವುಗಳನ್ನು ಹುಡುಕಿ ತೆಗೆದು, ೨೦೨೩ರಲ್ಲಿ ಸಂಕಲನವಾಗಿ ಹೊರತಂದರು. ಅರ್ಧ ಶತಮಾನದ ಮೌನ ಒಬ್ಬ ಸಂಕಲನಕಾರನ ಶ್ರದ್ಧೆಯಿಂದ ಮುರಿಯಿತು.

ನಮ್ಮ ಊರಿನ ಸ್ಥಿತಿಯೇನು? ಈ ಸಂಗೀತದ ಜೀವ ಕುಣಿತದಲ್ಲಿದೆ. ಕುಣಿತಕ್ಕೆ ಎಡೆ ಬೇಕು. ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಪರವಾನಗಿ ವಿಧಿಸುವ ಆದೇಶ ಬೆಂಗಳೂರಿನಲ್ಲಿ ೨೦೦೫ರಲ್ಲಿ ಬಂದಿತು; ೨೦೦೮ರಲ್ಲಿ ಪೋಲೀಸರ ಬಿಗಿಯಿಂದ ಅನೇಕ ಕಡೆ ಕುಣಿತ ನಿಂತು, ತರುಣರು ಪ್ರತಿಭಟಿಸಿದರು; ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ಎತ್ತಿಹಿಡಿಯಿತು. ನೆರೆಯವರ ನಿದ್ದೆಗೂ ಒಂದು ಹಕ್ಕಿದೆ ಎಂಬುದನ್ನು ನಾನು ಅಲ್ಲಗಳೆಯಲಾರೆ. ಆದರೂ ೨೦೨೪ರಲ್ಲಿ ಜರ್ಮನಿ ಬರ್ಲಿನ್ನಿನ ಟೆಕ್ನೋವನ್ನು ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತೆಂಬುದನ್ನು ನೆನೆದಾಗ, ಒಂದೇ ಸಂಗೀತ ಒಂದೆಡೆ ಪರಂಪರೆಯಾಗಿಯೂ ಇನ್ನೊಂದೆಡೆ ಬರಿಯ ಪೋಲೀಸು ವಿಷಯವಾಗಿಯೂ ಕಾಣುವ ವೈಚಿತ್ರ್ಯಕ್ಕೆ ಮನಸ್ಸು ಮರುಗುತ್ತದೆ.

ತಂಬೂರಿಯ ಬಗೆಗೂ ಒಂದು ಮಾತು. ಪೆಟ್ಟಿಗೆ ಬಂದು ಅಭ್ಯಾಸ ಸುಲಭವಾಯಿತು, ನಿಜ. ಆದರೆ ಗುರುವಿನ ಹಿಂದೆ ಕುಳಿತು ತಂತಿ ಮೀಟುತ್ತ ಕಿವಿ ಹದಮಾಡಿಕೊಳ್ಳುವ ಶಿಷ್ಯವೃತ್ತಿ ತೆಳುವಾಯಿತು. ಯಂತ್ರ ಕೊಟ್ಟದ್ದನ್ನು ಪಡೆಯುವಾಗ, ಕೊಂಡುಹೋದದ್ದರ ಲೆಕ್ಕವನ್ನೂ ಇಡಬೇಕು. ಮಹಡಿಯ ಹುಡುಗನಿಗೂ ಇದೇ ಮಾತು ಸಲ್ಲುತ್ತದೆ: ಯಂತ್ರ ತಾನೇ ಏನನ್ನೂ ಆಲಿಸದು, ಆಲಿಸಬೇಕಾದ ಕಿವಿ ಅವನದು.

ಅವನೀಗ ಬನಶಂಕರಿ, ಬಿಟಿಎಂ ಬಡಾವಣೆ, ಜೆ. ಪಿ. ನಗರಗಳ ಗೆಳೆಯರ ರಚನೆಗಳನ್ನು ಒಟ್ಟುಮಾಡಿ ಸಂಕಲನವೊಂದನ್ನು ಸಿದ್ಧಪಡಿಸುತ್ತಿದ್ದಾನೆ. ಕೋಣೆಗಳಲ್ಲಿ ಹುಟ್ಟಿ, ಕೋಣೆಗಳಲ್ಲೇ ಅಳಿದುಹೋಗಬಹುದಾದವು ಅವು. ಮೊನ್ನೆ ಮಹಡಿ ಹತ್ತಿ ಹೋಗಿ ಒಂದು ಗಂಟೆ ಕುಳಿತು ಕೇಳಿದೆ. ಎಲ್ಲವೂ ಹಿಡಿಸಿತೆಂದು ಹೇಳಲಾರೆ. ಒಂದೆರಡು ಕಡೆ ಕಾಲು ತಾನಾಗಿ ತಾಳ ಹಾಕಿತು. ಹೊರಡುವಾಗ ಅವನಿಗೆ ಒಂದೇ ಸಲಹೆ ಕೊಟ್ಟೆ: "ಪ್ರತಿಯೊಂದರ ಕೆಳಗೂ ಯಾರು, ಯಾವಾಗ, ಯಾವ ಯಂತ್ರದಿಂದ ರಚಿಸಿದರೆಂಬುದನ್ನು ಬರೆದಿಡು. ಕವಿಗಳ ಹೆಸರು ತಿಳಿಯದೆ ಪದ್ಯಗಳಷ್ಟೇ ಉಳಿದಾಗ ನಾವು ಪಟ್ಟ ಪಾಡು ನಿನ್ನ ಗೆಳೆಯರಿಗೆ ಬೇಡ."

"ಆಗಲಿ ಮಾವ," ಎಂದು ಅವನು ಲೇಖನಿ ಹುಡುಕತೊಡಗಿದ. ಕೆಳಗೆ ಪೆಟ್ಟಿಗೆ ಮಿಡಿಯುತ್ತಲೇ ಇದ್ದಿತು.